ವಿಳಂಬಕ್ಕೆ ಕಾರಣ

ಏಪ್ರಿಲ್ಲಿನ ಮೊದಲ ಬೆಚ್ಚನೆ ಮಳೆ.
ಟಾರ್ಟುವಿನಿಂದ ಹೊರಟ ಕೊನೆಯ ಬಸ್ಸು,
ಒಳಗೆ ಏಳು ಮಂದಿ, ಒಂದು ನಾಯಿ,
ಸ್ಟೀರಿಂಗಿನ ಹಿಂದೆ ನಾನು, ಹಿಲ್ಲಾರ್,
ಇದೇ ದಾರಿಯಲ್ಲಿ ಇಪ್ಪತ್ತಾರು ವರ್ಷ ಸವೆದವನು.

ಬರ್ಚ್ ಮರಗಳ ತಿರುವು ದಾಟಿದರೆ ಜೌಗು ಹುಲ್ಲುಗಾವಲು.
ಅಲ್ಲಿ ವಸಂತದಲ್ಲಿ ರಸ್ತೆ ತುಂಬ ಒದ್ದೆ ಎಲೆಗಳು.
ಇಷ್ಟೂ ವರ್ಷ ಎಲೆಗಳೆಂದೇ ಅಂದುಕೊಂಡಿದ್ದೆ.
ಎಲೆ ಉದುರುವುದು ಚಳಿ ಶುರುವಾಗುವಾಗ ಅಂತ
ಹೊಳೆಯಲಿಲ್ಲ ನೋಡಿ, ಒಮ್ಮೆಯೂ.

ಇವತ್ತು ತಿರುವಿನಲ್ಲಿ ಮಿಣುಕು ಮಿಣುಕು.
ಹೊಳೆಯುವ ಹಳದಿ ಜಾಕೀಟಿನ ಮೂರು ಮಕ್ಕಳು,
ಅಂಚಿನಲ್ಲಿ ಮಡಿಸುವ ಕುರ್ಚಿ ಹಾಕಿ ಕೂತ ಸಾಲ್ಮೆ ಅಜ್ಜಿ
ಟಾರ್ಚನ್ನೇ ಲಾಠಿಯಂತೆ ಎತ್ತಿ ನಿಲ್ಲಿಸಿದಳು ನನ್ನ ಬಸ್ಸನ್ನು.
ಬಾಗಿಲು ಉಸ್ಸೆಂದಿತು.
"ಎರಡು ನಿಮಿಷ, ಮಾಮಾ!"

ಹುಳಿ ಎಲೆಕೋಸಿನ ಚೀಟಿ ಇನ್ನೂ ಅಂಟಿರುವ ಬಕೀಟು.
ಒಳಗೆ ಕಪ್ಪೆಗಳು, ಒಂದರ ಮೇಲೊಂದು,
ಮೈಗಿಂತ ಕಣ್ಣೇ ಹೆಚ್ಚು.
ತಕ್ಕಡಿಯಲ್ಲಿ ತೂಗಿದ ಹಾಗೇ ಆಗಿತ್ತು ಹುಡುಗರ ಪಾಡು:
ಎರಡು ಹಾಕಿದರೆ ಒಂದು ಹೊರಗೆ,
ಅದನ್ನು ಹಿಡಿಯಹೋದರೆ ಮೂರು.

ಮುಂದಿನ ಹಲ್ಲು ಬಿದ್ದ ಟೊರ್ಮಿ ನನಗೆ ಪಾಠ ಹೇಳಿದ:
"ಒಣಗೈಲಿ ಮುಟ್ಟಬಾರದು, ಚರ್ಮಕ್ಕೆ ತೊಂದರೆ.
ಸೋಪಿನ ಕೈಯಂತೂ ಬೇಡವೇ ಬೇಡ.
ಮತ್ತೆ, ಅದು ಯಾವ ಕಡೆ ಮುಖ ಮಾಡಿತ್ತೋ
ಆ ಕಡೆಗೇ ಬಿಡಬೇಕು. ಹಿಂದಕ್ಕೆ ಬಿಟ್ಟರೆ
ಪಾಪ, ಮತ್ತೆ ಮೊದಲಿಂದ ಹೊರಡುತ್ತೆ."
"ಆ ಕಡೆ ಏನಿದೆ?"
"ಹೊಂಡ."
"ಈ ಕಡೆಯೂ ಇದೆಯಲ್ಲೋ."
"ಇದೆ. ಅವಕ್ಕೆ ಅದು ಬೇಡ."
ಅಷ್ಟೇ. ಯಾಕೆ ಅಂತ ಅವನು ಕಪ್ಪೆಯನ್ನು ಕೇಳಿರಲಿಲ್ಲ,
ನಾನು ಅವನನ್ನು ಕೇಳಲಿಲ್ಲ.

"ಕಪ್ಪೆಗೋಸ್ಕರ ಬಸ್ಸು ನಿಲ್ಲಿಸ್ತಾರೇನ್ರೀ?"
ಮೂರನೇ ಸೀಟಿನ ಹೆಂಗಸು ಗಡಿಯಾರ ನೋಡಿದಳು,
ಕಿಟಕಿ ನೋಡಿದಳು, ಮತ್ತೆ ಗಡಿಯಾರ.
ನಾಯಿಯೊಂದೇ ಸುಮ್ಮನಿತ್ತು.

ಸ್ಯಾಡೆ ಎಂಬ ಹುಡುಗಿ, ಹನ್ನೊಂದಿರಬೇಕು ವಯಸ್ಸು,
ಗಣಿತದ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ
ಪೆನ್ಸಿಲ್ ಗೀಟು ಎಳೆಯುತ್ತಿದ್ದಳು, ಮಳೆಗೆ ಬೆನ್ನು ಕೊಟ್ಟು.
"ನೂರ ನಲವತ್ತೇಳು.
ಗಂಡನ್ನು ಬೆನ್ನ ಮೇಲೆ ಹೊತ್ತು ಬಂದರೆ ಎರಡು ಗೀಟು.
ಸತ್ತವನ್ನು ಬೇರೆ ಬರೀತೀನಿ."
ಆ ಬೇರೆ ಹಾಳೆಯನ್ನು ತೋರಿಸಲಿಲ್ಲ ಅವಳು.
ಒಳ್ಳೆಯ ಹುಡುಗಿ.

ಹೊರಡೋಣವೆಂದರೆ ಮುಂದಿನ ಚಕ್ರದ ಹತ್ತಿರ ಒಂದು ಎಲೆ.
ಎಲೆ ಉಸಿರಾಡುತ್ತಿತ್ತು.
ಇಳಿದೆ. ಕೈಯನ್ನು ಮಳೆಗೆ ಹಿಡಿದೆ, ಟೊರ್ಮಿ ಹೇಳಿದಂತೆ.
ತಣ್ಣಗೆ, ಹಗುರ, ಅಂಗೈಯಲ್ಲಿ ಡಬಡಬ,
ಇಷ್ಟು ಸಣ್ಣ ಮೈಗೆ ಅಷ್ಟೊಂದು ಎದೆ!
ಎಷ್ಟು ಎಲೆ, ದೇವರೇ, ಎಷ್ಟು ಎಲೆ.
ಹೊಂಡದ ಕಡೆ ಬಿಟ್ಟೆ. ತಿರುಗಿ ನೋಡದೆ ಹೋಯಿತು,
ನಮಸ್ಕಾರ ಗಿಮಸ್ಕಾರ ಏನೂ ಇಲ್ಲ.

ಮೂರನೇ ಸೀಟಿನ ಹೆಂಗಸು ತನ್ನ ನಿಲ್ದಾಣ ಬರುವವರೆಗೂ
ಮುಖ ಸಡಿಲಿಸಲಿಲ್ಲ. ಆದರೆ ಇಳಿಯುವಾಗ
ಕೊನೆಯ ಮೆಟ್ಟಿಲಲ್ಲಿ ಒಂದು ಗಳಿಗೆ ನಿಂತು,
ಬಗ್ಗಿ ನೆಲ ನೋಡಿ, ಆಮೇಲೆ ಕಾಲಿಟ್ಟಳು.

ಡಿಪೋದಲ್ಲಿ ಫಾರ್ಮು ತುಂಬಬೇಕು.
ಹನ್ನೊಂದು ನಿಮಿಷ ತಡ. ಕಾರಣ?
ಹಿಮ, ಅಪಘಾತ, ಯಂತ್ರದೋಷ, ಮೂರು ಚೌಕ.
ನಾಲ್ಕನೆಯದರ ಮುಂದೆ ಖಾಲಿ ಗೆರೆ.
ಒದ್ದೆ ಕೈಯಲ್ಲೇ ಬರೆದೆ:
ರಸ್ತೆ ದಾಟುತ್ತಿದ್ದ ಪಾದಚಾರಿಗಳು,
ನೂರ ನಲವತ್ತೆಂಟು ಜನ,
ನನ್ನದೂ ಸೇರಿ.