ತುಂಬಿಸಿದ್ದು

ನಾಲ್ಕನೇ ಬ್ರೇಕರಿಗೆ ಇವತ್ತು ಕೊನೆಯ ದಿನ.
ಫಿಯೋರ್ಡಿನ ಆಚೆ ಬೆಟ್ಟ ಹತ್ತಿ ಬೆಳಕು
ಹತ್ತಕ್ಕೆ ಬಂದು ಮೂರಕ್ಕೆ ವಾಪಸು ಹೊರಡುವ ತಿಂಗಳು.
ಸಿನ್ನೋವೆ ಪಂಪಿಗೆ ಕೊಳವೆ ಕಚ್ಚಿಸುತ್ತಾಳೆ.
ತೂಕದ ಯಂತ್ರದ ಮೇಲೆ ಖಾಲಿ ಸಿಲಿಂಡರು ನಿಲ್ಲಿಸಿ
ನಾನು ಸೊನ್ನೆಗೆ ತರುತ್ತೇನೆ.

ಒಳಗಿರುವವನಿಗೆ ಬಣ್ಣವಿಲ್ಲ, ವಾಸನೆಯಿಲ್ಲ.
ನಡುವೆ ಒಂದು ಗಂಧಕ, ಸುತ್ತ ಆರು ಫ್ಲೋರಿನ್,
ನಮ್ಮಲ್ಲಿ ಆರು ಜನ ಶವಪೆಟ್ಟಿಗೆ ಹೊರುವಂತೆ.
ಗಾಳಿಗಿಂತ ಐದು ಪಟ್ಟು ಭಾರ.
ಸ್ವಿಚ್ಚು ಬಾಯಿ ಬಿಟ್ಟ ಕ್ಷಣ
ಲೋಹದಿಂದ ಲೋಹಕ್ಕೆ ಹಾರುತ್ತದಲ್ಲ,
ಸೂರ್ಯನ ಮೈಗಿಂತ ಬಿಸಿಯಾದ ಕಿಡಿ,
ಅದರ ಎಲೆಕ್ಟ್ರಾನುಗಳನ್ನು ಹಿಡಿಹಿಡಿದು
ಜೇಬಿಗಿಳಿಸುವುದು ಇವನ ಕಸುಬು.
ಒಡೆಯುತ್ತಾನೆ, ಚೂರಾಗುತ್ತಾನೆ,
ರೆಪ್ಪೆ ಬಡಿಯುವಷ್ಟರಲ್ಲಿ ಮತ್ತೆ ಕೂಡಿಕೊಳ್ಳುತ್ತಾನೆ.
ಆಚೆ ದಡದ ಕಾರ್ಖಾನೆಯಲ್ಲಿ
ಮೀನು ಕೊಯ್ಯುವವರ ತಲೆ ಮೇಲಿನ ದೀಪ
ಒಮ್ಮೆ ಮಿಣುಕುತ್ತದೆ, ಅಷ್ಟೆ.

ಎಂಬತ್ತೇಳರಲ್ಲಿ ನಾನು ಹೊಸಬ.
ಮೇಸ್ತ್ರಿ ಹಾಲ್‌ಸ್ಟೈನ್ ಗಾಜಿನ ತೊಟ್ಟಿಗೆ ಇವನನ್ನು ಸುರಿದು
(ಹೌದು, ಸುರಿದು, ಬಕೆಟ್ಟಿನಿಂದ ನೀರು ಸುರಿದಂತೆ)
ಚಾಕಲೇಟಿನ ಬೆಳ್ಳಿಕಾಗದದ ದೋಣಿ ಮಡಿಸಿ ಬಿಟ್ಟ.
ತೇಲಿತು.
ಏನೂ ಇಲ್ಲದ್ದರ ಮೇಲೆ ತೇಲಿತು.
ಆಮೇಲೆ ಒಂದು ಗುಟುಕು ಎಳೆದುಕೊಂಡು
ನೆಲಮಾಳಿಗೆಯಿಂದ ಕರೆದಂತೆ ನನ್ನ ಹೆಸರು ಕರೆದ:
ಓಡ್‌ಬ್ಯೋರ್ನ್.
ನಕ್ಕು ನಕ್ಕು ಕಾಫಿ ಚೆಲ್ಲಿದೆವು.
ಉಳಿದದ್ದನ್ನು ತೊಟ್ಟಿಯಲ್ಲೇ ಬಿಟ್ಟು ಮನೆಗೆ ಹೋದೆವು.

ಪಂಪು ಗೊಣಗುತ್ತದೆ. ಮಾಪಕದ ಮುಳ್ಳು ಇಳಿಯುತ್ತದೆ.
ಸಿನ್ನೋವೆ ಹಳೆಯ ದಾಖಲೆ ಪುಸ್ತಕ ತಿರುವುತ್ತಾಳೆ.
ಪ್ರತಿ ಶರತ್ಕಾಲಕ್ಕೂ ನನ್ನ ಅಕ್ಷರ:
ಒಂದು ಕಿಲೋ ತುಂಬಿಸಿದೆ.
ಒಂದೂವರೆ ತುಂಬಿಸಿದೆ.
ಮಗಳು ಹುಟ್ಟಿದ ವರ್ಷ ಚಳಿ ಹೆಚ್ಚು, ಎರಡು. ತುಂಬಿಸಿದೆ.

‘ಇದು ಉರಿಯುತ್ತದೆಯೇ?’
ಇಲ್ಲ.
‘ಸವೆಯುತ್ತದೆಯೇ?’
ಇಲ್ಲ. ಅದೇ ಅಲ್ಲವೇ ಇದರ ಹೆಚ್ಚುಗಾರಿಕೆ.
‘ಹಾಗಾದರೆ ತುಂಬಿಸಿದ್ದು ಯಾಕೆ?’

ನಾನು ನಟ್ಟು ಒರೆಸಿದೆ.
ಒರೆಸಿದ ನಟ್ಟನ್ನೇ ಮತ್ತೆ ಒರೆಸಿದೆ.
ಮೂವತ್ತೇಳು ವರ್ಷ ಒಳ್ಳೆಯ ಕೆಲಸಗಾರ ನಾನು,
ಮುಳ್ಳನ್ನು ಹಸಿರಿನಿಂದ ಜಾರಗೊಟ್ಟವನಲ್ಲ.
ಹೋದದ್ದು ಎಲ್ಲಿಗೆಂದು
ಮುಳ್ಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಅವಳು ಕೂಡಿಸಿದಳು: ನಲವತ್ತಾರು ಕಿಲೋ.
ಕಿಲೋ ಒಂದಕ್ಕೆ ಇಪ್ಪತ್ತಮೂರು ಟನ್ನು ಇಂಗಾಲದ ಹೊಗೆ ಸಮ.
ಗುಣಿಸಲು ಹೋಗಲಿಲ್ಲ. ದೊಡ್ಡ ಮನಸ್ಸು.

ಕಡಲು ಇದನ್ನು ಕುಡಿಯದು, ಕಾಡು ಉಣ್ಣದು.
ಸಾವಿರ ವರ್ಷ ಮೇಲೆ ಅಲೆಯುತ್ತದಂತೆ.
ನಮ್ಮೂರ ಮರದ ಚರ್ಚಿಗೇ ಇನ್ನೂ ಎಂಟುನೂರು.
ಹಾಲ್‌ಸ್ಟೈನ್ ಮಣ್ಣಾಗಿ ಹದಿನೈದಾಯಿತು.
ಅವನು ಎಳೆದು ಬಿಟ್ಟ ಆ ಗುಟುಕು,
ನನ್ನ ಹೆಸರು ಹೇಳಿದ್ದು,
ಇನ್ನೂ ಮೇಲೆಲ್ಲೋ ಇದೆ.

ಹೊಸದು ಅಂಗಳದಲ್ಲಿ ಪ್ಲಾಸ್ಟಿಕ್ಕು ಹೊದ್ದು ಕಾದಿದೆ.
ಕಿಡಿ ನುಂಗಲು ನಿರ್ವಾತದ ಸೀಸೆ,
ಸುತ್ತ ತುಂಬಲು ಒಣಗಿಸಿದ ಬರೀ ಗಾಳಿ.
ಮೈ ತುಸು ದಪ್ಪ.
ನನಗದರ ಮೇಲೆ ಇನ್ನೂ ನಂಬಿಕೆ ಕುದುರಿಲ್ಲ, ಹೇಳಿಬಿಡುತ್ತೇನೆ.

ತೂಕ ನಿಂತಿತು.
ಸಿಲಿಂಡರಿನ ಬಾಯಿ ಬಿಗಿದು ಸೋಪಿನ ನೊರೆ ಬಳಿದೆ,
ಗುಳ್ಳೆ ಏಳಲಿಲ್ಲ. ಮತ್ತೊಮ್ಮೆ ಬಳಿದೆ.
ಪುಸ್ತಕದ ಕೊನೆಯ ಪುಟದಲ್ಲಿ
‘ತುಂಬಿಸಿದ್ದು’ ಎಂಬ ತಲೆಬರಹಕ್ಕೆ
ಸಿನ್ನೋವೆ ಒಂದು ಗೆರೆ ಎಳೆದು
ಮೇಲೆ ಬರೆದಳು: ಹೋದದ್ದು.
ಸಹಿ ಹಾಕಲು
ಪೆನ್ನು ನನ್ನ ಕೈಗೆ ಕೊಟ್ಟಳು.