ಬೆಂಕಿಪೊಟ್ಟಣದಷ್ಟು ಹಿಮ

ಅವನು ಬಂದದ್ದು ಭೂತಗನ್ನಡಿ ಕೇಳಿಕೊಂಡು.
"ಕಣ್ಣು ಸರಿಯಾಗೇ ಇದೆ, ಹಿಮ ಸಣ್ಣದಾಗಿದೆ," ಎಂದ.
ಕುಹ್ಮೊ ಪೇಟೆಯಲ್ಲಿ ಕನ್ನಡಕದಂಗಡಿ ಅಂತ ಇರುವುದು ನನ್ನದೊಂದೇ;
ತೈಸ್ತೊ ಕಾರ್ಪಿನೆನ್ ಗೊತ್ತಿಲ್ಲದವರೂ ಇಲ್ಲಿ ಯಾರಿಲ್ಲ.
ಮೂವತ್ತೆಂಟು ಚಳಿಗಾಲ ಹಿಮ ಬಾಚುವ ಲಾರಿ ಓಡಿಸಿದವನು,
ಊರಿಗೆ ಊರೇ ಮುಸುಕೆಳೆದು ಮಲಗಿರುವಾಗ
ನಾಲ್ಕಕ್ಕೆದ್ದು ದಾರಿ ಬಿಡಿಸಿದವನು.
ಒಮ್ಮೆ ನನ್ನಮ್ಮನ ಅಂಚೆಪೆಟ್ಟಿಗೆಯನ್ನು ಬುಡಸಮೇತ ಕಿತ್ತಿದ್ದ;
ಮಾರನೆಯ ದಿನ ಹೊಸದು ನೆಟ್ಟು
ಮಾತೇ ಆಡದೆ ಹೋಗಿದ್ದ.

ಈಗ ಅಡುಗೆಮನೆಯ ಮೇಜಿನ ಮೇಲೆ
ಮೀನಿನ ಡಬ್ಬಿಯ ಮುಚ್ಚಳ, ಅಗಸೆ ಎಣ್ಣೆ,
ಮೂರೇ ಕೂದಲಿನ ಕುಂಚ.
ಬಾಚಿ ಬಾಚಿ ಬದಿಗೆ ತಳ್ಳಿದ್ದನ್ನೆಲ್ಲ
ಚುಕ್ಕಿ ಚುಕ್ಕಿಯಾಗಿ ವಾಪಸು ಇಡುತ್ತಿದ್ದಾನೆ.
"ಸಾಲ," ಅನ್ನುತ್ತಾನೆ. ನಗುವುದಿಲ್ಲ.

ಬರೀ ಬಿಳಿ ಹಚ್ಚಿದರೆ ಹಿಮ ಆಗುವುದಿಲ್ಲವಂತೆ,
ಸುಣ್ಣ ಬಳಿದ ಹಾಗಾಗುತ್ತದಂತೆ.
ನೆರಳಿಗೆ ನೀಲಿ, ನೀಲಿಗೆ ಚೂರು ಮಣ್ಣು,
ಎರಡು ಗಂಟೆಗೇ ಮುಳುಗುವ ಸೂರ್ಯನಿಗೆ
ಲಿಂಗೊನ್ ಹಣ್ಣು ಹಾಲಿನಲ್ಲಿ ಹಿಸುಕಿದ ಬಣ್ಣ.
ಬಿಳಿ ಕೊನೆಗೆ,
ಸೂಜಿಮೊನೆಯಷ್ಟು, ಅದೂ ಉಸಿರು ಹಿಡಿದು.
"ಉಸಿರು ಬಿಟ್ಟೆಯೋ, ಒಂದು ಸ್ಪ್ರೂಸ್ ಮರ ಹೋಯಿತು."
ಒಣಗಲು ವಾರಗಟ್ಟಲೆ.
ಅಷ್ಟರಲ್ಲಿ ಬೆಕ್ಕು ನಡೆದು ಒಂದು ಕೆರೆ ಕೆಟ್ಟಿತು;
ಅಂಚಿಗಂಟಿದ ರೋಮವನ್ನು
ಜೊಂಡು ಎಂದುಕೊಂಡು ಹಾಗೇ ಬಿಟ್ಟಿದ್ದಾನೆ.

ನಾನು ಕೊಂಡದ್ದು ಬೆಂಕಿಪೊಟ್ಟಣದಷ್ಟು.
ಮನೆ, ಬೇಲಿ, ಅರ್ಧ ಹೂತ ಅಂಚೆಪೆಟ್ಟಿಗೆ.
ದಾರಿ ಮಾತ್ರ ಇಲ್ಲ.
ಅವನ ಯಾವ ಚಿತ್ರದಲ್ಲೂ ಇಲ್ಲ.
ಕೇಳಿದೆ. ಟೋಪಿ ತೆಗೆದು, ತಿರುಗಿಸಿ ನೋಡಿ, ಮತ್ತೆ ಹಾಕಿಕೊಂಡ:
"ಒಂದು ಬೆಳಗಾದರೂ
ಬಿದ್ದದ್ದು ಬಿದ್ದ ಹಾಗೇ ಇರಲಿ ಬಿಡು, ಹಿಲ್ಕಾ."

ಜನವರಿಯೆಲ್ಲ ಡ್ರಾಯರಿನಲ್ಲಿತ್ತು.
ತೆಗೆದರೆ ಹಿಮ ಹಳದಿ, ಮುದಿಹಲ್ಲಿನ ಹಾಗೆ.
ಮೋಸ ಹೋದೆ ಎಂದುಕೊಂಡೇ ಫೋನು ಮಾಡಿದೆ.
"ಎಣ್ಣೆಯ ಗುಣ ಅದು. ಕತ್ತಲಲ್ಲಿ ಬಾಡುತ್ತದೆ,
ನಮ್ಮ ಹಾಗೇ. ಕಿಟಕಿಗಿಡು."

ಇಟ್ಟೆ, ಕನ್ನಡಕದ ಚೌಕಟ್ಟುಗಳ ನಡುವೆ,
ಬೆಲೆಚೀಟಿ ಇಲ್ಲದೆ.
ಏಪ್ರಿಲ್ ಕೊನೆಗೆ ಬೀದಿಯ ಹಿಮ
ಹಳಸಿದ ಗಂಜಿಯಾಗಿ ಚರಂಡಿಗಿಳಿಯುತ್ತಿರುವಾಗ
ಮುಚ್ಚಳದ ಮೇಲಿನದು ಮೆಲ್ಲಗೆ ಬೆಳ್ಳಗಾಯಿತು.

ಆ ಬೆಳಕಿನಲ್ಲೇ, ಅಂಗಡಿಯ ಅತಿ ದಪ್ಪ ಮಸೂರದಡಿ,
ಎಡಗಡೆಯ ಗುಡ್ಡದ ಹಿಂದೆ ಏನೋ ಕಂಡಿತು.
ಧೂಳಿರಬೇಕೆಂದು ಬಟ್ಟೆಯಿಂದ ಒರೆಸಿದೆ; ಹೋಗಲಿಲ್ಲ.
ಕಿತ್ತಳೆ ಬಣ್ಣದ ಒಂದು ಚುಕ್ಕಿ,
ಲಾರಿಯ ನೆತ್ತಿಯ ಮೇಲೆ ತಿರುಗುವ ದೀಪ.
ಇನ್ನೂ ದೂರವಿದೆ.
ಮನೆಯವರಿಗೆ ಎಚ್ಚರವಾಗಿಲ್ಲ.