ಧೂಳಪ್ಪ ವಕೀಲರ ಫೈಲು

ಇಬ್ಬರು ಬಂದಿದ್ದರು, ಸಾದಾ ಅಂಗಿಯವರು,
ನವನಗರದ ಕೋರ್ಟಿನೆದುರಿನ ಚಾದಂಗಡಿಗೆ.
ಚಾ ಆರಲು ಬಿಟ್ಟು ಕೇಳಿದರು:
ಮಸೂತಿ ವಕೀಲರು ಹ್ಯಾಂಗ? ಕುಡೀತಾರೇನು?
ಯಾವ ಪಾರ್ಟಿ? ಯಾರ ಮದುವಿಗೆ ಹೋಗ್ತಾರ, ಯಾರ ಮಣ್ಣಿಗೆ?
ಎಲ್ಲಾರ ಮಣ್ಣಿಗೂ ಹೋಗ್ತಾರ್ರೀ, ಅಂದೆ ನಾನು,
ಇಪ್ಪತ್ತಾರು ವರ್ಷದ ಗುಮಾಸ್ತ.
ಒಬ್ಬಾತ ಅದನ್ನೂ ಬರೆದುಕೊಂಡ.

ಹೈಕೋರ್ಟಿನ ಜಡ್ಜ್ ಕುರ್ಚಿಗೆ ಹೆಸರು ಹೋಗಿತ್ತು
ಬೆಂಗಳೂರಿನಿಂದ ದಿಲ್ಲಿಗೆ, ಕೆಂಪು ದಾರ ಕಟ್ಟಿಕೊಂಡು:
ಆದಾಯ ತೆರಿಗೆಯ ಕಾಗದ, ಅಚ್ಚಾದ ತೀರ್ಪುಗಳ ಪಟ್ಟಿ,
ನೀಲಿ ಮಸಿಯಲ್ಲಿ ಒಪ್ಪಿಗೆ ಪತ್ರ.
ಪಟ್ಟಿ ಮಾಡಿದವ ನಾನೇ.
ಪಟ್ಟಿಯೊಳಗೆ ಹಿಡಿಯದ್ದು ಒಂದಿತ್ತು.

ಬಾಗಲಕೋಟೆಗೆ ಹಿನ್ನೀರು ಬರುತ್ತಿದ್ದ ಕಾಲ,
ಓಣಿ ಓಣಿಯ ಗೋಡೆಗೆ ಸುಣ್ಣದ ನಂಬರು.
ಸರಕಾರದವರು ಅಳೆದು ಹೋದ ಮೇಲೆ
ಇವರು ಟೇಪು ಹಿಡಿದು ಮತ್ತೆ ಅಳೆಯುವರು,
ತೊಲೆ ಎಷ್ಟು, ಜಂತಿ ಎಷ್ಟು, ಹಗೇವಿನ ಆಳ ಎಷ್ಟು.
ಇನ್ನೊಂದು ತುದಿ ನನ್ನ ಕೈಯಲ್ಲಿ.
ಕುಂಬಾರ ಓಣಿಯ ಯಮನವ್ವನ ಹಿತ್ತಲ ಹುಣಸಿ ಗಿಡಕ್ಕೆ
ಉರುವಲಿನ ತೂಕ ಹಿಡಿದು ಬೆಲೆ ಕಟ್ಟಿದ್ದರು.
"ಮಹಾಸ್ವಾಮಿ, ಇದರಾಗ ನೆರಳು ಎಲ್ಲೈತಿ?"
ಕೋರ್ಟು ನಕ್ಕಿತು, ಸರಕಾರಿ ವಕೀಲರು ಎಲ್ಲರಿಗಿಂತ ಜೋರು.
ಇವರು ನಗಲಿಲ್ಲ.
"ಹಸಿ ಗಡಿಗಿ ಬಿಸಿಲಿಗೆ ಸೀಳತಾವ.
ಆ ನೆರಳು ಆಕಿ ಕಾರ್ಖಾನಿ."
ತೀರ್ಪಿನಲ್ಲಿ ನೆರಳಿಗೆ ಸಿಕ್ಕದ್ದು ಎಂಟು ನೂರು ರೂಪಾಯಿ.
ಅಂಥ ತೀರ್ಪು ಯಾವ ಪುಸ್ತಕದಲ್ಲೂ ಅಚ್ಚಾಗುವುದಿಲ್ಲ.

ಹೆಸರು ಹೋದ ದಿನದಿಂದ ಹೊಸ ವಕಾಲತ್ತು ನಿಲ್ಲಿಸಿದರು.
ನಾಳೆ ನನ್ನ ಮುಂದೇ ಬಂದರೆ? ಎನ್ನುವರು.
ಕಕ್ಷಿದಾರರು ಎದುರಿನ ಚೇಂಬರಿನ ಮೆಟ್ಟಿಲು ಹತ್ತಿದರು;
ಅಲ್ಲಿ ಬಿಟ್ಟ ಚಪ್ಪಲಿಗಳ ಗುರುತು ಹಿಡಿಯುತ್ತ ಕುಳಿತೆ.
ಬಾರ್ ರೂಮಿನಲ್ಲಿ "ಬರ್ರಿ ಮೈ ಲಾರ್ಡ್" ಎಂದು ಎದ್ದು ನಿಲ್ಲುವರು,
ಮೊದಲ ಮೂರು ತಿಂಗಳು ಕೇರಂ ಬಿಟ್ಟು,
ಆಮೇಲೆ ಕೇರಂ ಬಿಡದೇ.
ನೀಲಮ್ಮಕ್ಕ ಸೊಲ್ಲಾಪುರದಿಂದ ತರಿಸಿದರು
ಏಳು ವಾರ ಕಪ್ಪು ಅರಿವಿ,
ಮಡಿಕೆ ಬಿಚ್ಚದೆ ಕಪಾಟಿನಲ್ಲಿಟ್ಟರು, ದೃಷ್ಟಿಯಾದೀತೆಂದು.

ಜತೆಗೆ ಹೋದ ಆರು ಹೆಸರಲ್ಲಿ ನಾಲ್ಕು
ಪ್ರಮಾಣ ವಚನದ ಫೋಟೋದೊಳಗೆ ಕಂಡವು.
ಇವರನ್ನು ಬೇಡ ಅಂತ ಯಾರೂ ಅನ್ನಲಿಲ್ಲ.
ಬೇಕು ಅಂದಿದ್ದವರೂ ನಿವೃತ್ತರಾದರು.
ಸರಕಾರದ ಮ್ಯಾಲೆ ಅಷ್ಟು ಕೇಸು ಹಾಕಿದ್ರಲ್ಲ, ಅದಕ್ಕ.
ಅವರ ಪೈಕಿ ಆಗಲೇ ಇಬ್ಬರದಾರ, ಅದಕ್ಕ.
ದಿಲ್ಲ್ಯಾಗ ಇವರಿಗೆ ಯಾರದಾರ?
ನಾನು ಮಾತ್ರ ರಾತ್ರಿ ಮಗ್ಗುಲಾದಾಗ
ಚಾದಂಗಡಿಯ ನನ್ನ ಮಾತನ್ನೇ ಮಗುಚಿ ಹಾಕಿದೆ:
ಎಲ್ಲಾರ ಮಣ್ಣಿಗೂ ಹೋಗ್ತಾರ್ರೀ.
ಎಲ್ಲಾರ ಅನ್ನಬಾರದಿತ್ತೇನು?

ಎರಡು ವರ್ಷ ಏಳು ತಿಂಗಳಿಗೆ, ಒಂದು ಬುಧವಾರ,
ಎರಡೇ ಸಾಲು ಬರೆದರು, ಅದೇ ನೀಲಿ ಮಸಿ:
ಕೊಟ್ಟ ಒಪ್ಪಿಗೆಯನ್ನು ಹಿಂಪಡೆದಿದ್ದೇನೆ.
ಅಂಚೆಯವ ತಕ್ಕಡಿಗಿಟ್ಟು ಹೇಳಿದ,
ಇಪ್ಪತ್ತು ಗ್ರಾಮೂ ಇಲ್ಲ.
ರಸೀದಿ ಕೊಡಲು ಹೋದರೆ
ನಿನ್ನ ಹತ್ರಾನೇ ಇರಲಿ ಅಂದರು.

ಮರುವಾರ ಮುಧೋಳದಿಂದ ಬಂದದ್ದು
ಅಣ್ಣ ತಮ್ಮಂದಿರ ನಡುವಿನ ಒಂದು ಗೋಡೆ.
ಟೇಪು ಎಲ್ಲೈತೋ?
ಕಪಾಟಿನ ತಳದಲ್ಲಿತ್ತು, ಕಪ್ಪು ಅರಿವಿಯ ಕೆಳಗೆ.
ಎಳೆದಾಗ ಒಂದು ಮಡಿಕೆ ಜಾರಿ ನೆಲಕ್ಕೆ ಬಿತ್ತು.
ಇಬ್ಬರೂ ಅದನ್ನು ನೋಡಲಿಲ್ಲ, ನೋಡಿದೆವು.
ಸರ್, ಮೂರು ಫೂಟಿನ ತನಕ ಅಂಕಿ ಅಳಿಸಿ ಹೋಗ್ಯಾವ್ರೀ.
ಕೋಟು ತೋಳಿಗೆ ಹಾಕಿಕೊಂಡು ಹೊರಗೆ ನಡೆದಿದ್ದರು ಆಗಲೇ.
"ಮೂರರಿಂದ ಹಿಡಿ.
ಆಮ್ಯಾಲೆ ಕಳಿಯೋಣು."